ಎರಡು ಚುಕ್ಕೆ ಯಾವ ಮನೆಗೆ?

ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. "ಸರ್, ಇದು ಓಪನ್ ಆಗುವುದಿಲ್ಲ" ಎಂಬುದು ಒಂದು. ಇದಕ್ಕೆ ಉತ್ತರ ಸುಲಭ, ಹೆಚ್ಚಿನ ಸಲ ಎದ್ದು ಹೋಗಿ ಮೌಸಿನ ವಯರು ಸರಿ ಮಾಡಿದರೆ ಮುಗಿಯಿತು. "ಸರ್, ಇದು ಹೀಗೆ ಯಾಕೆ?" ಎಂಬುದು ಇನ್ನೊಂದು. ಇದನ್ನು ಕೇಳುವವರು ಕಡಿಮೆ. ಯಾರಾದರೂ ಕೇಳಿದರೋ, ಆ ದಿನದ ಪಾಠ ಅಲ್ಲಿಗೇ ನಿಲ್ಲುತ್ತದೆ. ಈ ಸಲ ಬರೆಯುತ್ತಿರುವುದು ಎರಡನೇ ಬಗೆಯ ಒಂದು ಪ್ರಶ್ನೆಯ ಬಗ್ಗೆ. ಕೇಳಿದ್ದು ಹತ್ತನೇ ತರಗತಿಯ ಹುಡುಗಿ. ಅದರ ಉತ್ತರ ಗೊತ್ತಿಲ್ಲದ ಕಾರಣಕ್ಕೆ ಪಕ್ಕದ ಊರಿನ ಒಂದು ಶಾಲೆ ಏನು ಕಳೆದುಕೊಂಡಿತು ಎಂಬುದನ್ನೂ ಹೇಳಬೇಕು.

ಗಡಿಯ ಆಚೆ ಕರ್ನಾಟಕದಲ್ಲಿರುವ ಓದುಗರಿಗೆ ಮೊದಲು ಒಂದು ಮಾತು. ಇಲ್ಲಿ ಕಾಸರಗೋಡಿನಲ್ಲಿ, ಅಂದರೆ ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಲ್ಯಾಬಿನಲ್ಲಿ ಮಕ್ಕಳು ಕಲಿಯುವುದು ಗ್ನೂ/ಲಿನಕ್ಸ್ ಮೇಲೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಶುರುವಾದ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಅವರು ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ಸಿದ್ಧಪಡಿಸಿ ಕೊಡುತ್ತಾರೆ. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ಹಾಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಎಂದರೆ ಏನೋ ದೊಡ್ಡ ವಿದ್ಯೆ ಅಲ್ಲ. ಅವರ ಪಾಲಿಗೆ ಕಂಪ್ಯೂಟರ್ ಎಂದರೇ ಅದು.

ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ನಾನು ಆಸಕ್ತಿ ಇರುವವರಿಗೆ ಬಿಡುವಿನ ಪಿರಿಯಡ್‌ನಲ್ಲಿ ತೋರಿಸುತ್ತೇನೆ. ಅದರಲ್ಲಿ ಕೂತು ನಮ್ಮ ಮಾತು ಕೇಳುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಮೊದಲು ಕಲಿಸುವುದು ಮೂರು ಆಜ್ಞೆ. ಸಿಡಿ ಎಂದರೆ ಒಂದು ಫೋಲ್ಡರಿಗೆ ಹೋಗು. ಎಲ್‌ಎಸ್ ಎಂದರೆ ಅಲ್ಲಿ ಏನೇನಿದೆ ತೋರಿಸು. ಪಿಡಬ್ಲ್ಯುಡಿ ಎಂದರೆ ನಾನೀಗ ಎಲ್ಲಿದ್ದೇನೆ ಹೇಳು. (ಇದು ರಸ್ತೆಯ ಹೊಂಡ ಮುಚ್ಚುವ ಪಿಡಬ್ಲ್ಯುಡಿ ಅಲ್ಲ ಎಂದು ಪ್ರತಿವರ್ಷ ಹೇಳುತ್ತೇನೆ, ಪ್ರತಿವರ್ಷ ಮಕ್ಕಳು ನಗುತ್ತಾರೆ.) ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪು ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಬೇಕು. ಇನ್ನು ಎರಡು ಚುಕ್ಕೆ. ಪಕ್ಕಪಕ್ಕ ಎರಡು ಚುಕ್ಕೆ ಇಟ್ಟರೆ "ಇಲ್ಲಿಂದ ಒಂದು ಮೆಟ್ಟಿಲು ಮೇಲೆ" ಎಂದರ್ಥ. ಸಿಡಿ ಎಂದು ಬರೆದು, ಜಾಗ ಬಿಟ್ಟು, ಎರಡು ಚುಕ್ಕೆ ಇಟ್ಟರೆ ಮೇಲಿನ ಫೋಲ್ಡರಿಗೆ ಹೋಗುತ್ತೇವೆ.

ನಮ್ಮ ಲ್ಯಾಬಿನಲ್ಲಿ ಡಿಸ್ಕಿನ ಬೇರೊಂದು ಭಾಗದಲ್ಲಿ 'ತರಗತಿಗಳು' ಎಂಬ ಫೋಲ್ಡರು ಉಂಟು. ಅದರೊಳಗೆ 8, 9, 10 ಎಂದು ಮೂರು. ಹತ್ತರೊಳಗೆ 'ಪಾಠ', 'ಯೋಜನೆ', 'ಚಿತ್ರಗಳು'. ಮಕ್ಕಳು ಅಷ್ಟು ದೂರ ಹುಡುಕಿಕೊಂಡು ಹೋಗುವುದು ಬೇಡವೆಂದು ಪ್ರತಿಯೊಬ್ಬರ ಹೋಮ್ ಫೋಲ್ಡರಿನಲ್ಲೂ 'ಪಾಠ' ಎಂಬ ಹೆಸರಿನ ಒಂದು ಸಿಂಬಾಲಿಕ್ ಲಿಂಕ್ ಮಾಡಿಟ್ಟಿದ್ದೇನೆ. ಲಾಗಿನ್ ಆಗಿ 'ಪಾಠ'ಕ್ಕೆ ಸಿಡಿ ಮಾಡಿದರೆ ಸೀದಾ ತರಗತಿಯ ಪಾಠದ ಫೋಲ್ಡರಿಗೆ ತಲುಪುತ್ತಾರೆ.

ಆ ಹುಡುಗಿ ಹಾಗೆ ಒಳಗೆ ಹೋಗಿ, ಮೇಲಿನ ಫೋಲ್ಡರಿನಲ್ಲಿ ಏನುಂಟು ನೋಡುವ ಎಂದು ಎಲ್‌ಎಸ್ ಬರೆದು ಎರಡು ಚುಕ್ಕೆ ಇಟ್ಟಳು. 'ಪಾಠ', 'ಯೋಜನೆ', 'ಚಿತ್ರಗಳು' ಎಂದು ಬಂತು. ಅವಳ ಹೋಮ್ ಫೋಲ್ಡರಿನಲ್ಲಿದ್ದ 'ನನ್ನ ಕವಿತೆ' ಕಾಣಲಿಲ್ಲ. ಗಾಬರಿಯಾಗಿ ಸಿಡಿ, ಎರಡು ಚುಕ್ಕೆ ಕೊಟ್ಟು ಮೇಲೆ ಬಂದು ಎಲ್‌ಎಸ್ ಮಾಡಿದಳು. 'ನನ್ನ ಕವಿತೆ' ಇದ್ದಲ್ಲೇ ಇತ್ತು. ಮತ್ತೆ ಒಳಗೆ, ಮತ್ತೆ ಹೊರಗೆ. ನಾಲ್ಕು ಸಲ ಮಾಡಿ ನೋಡಿ ನನ್ನನ್ನು ಕರೆದಳು.

"ಸರ್, ಎರಡು ಚುಕ್ಕೆ ಅಂದ್ರೆ ಒಂದು ಮೆಟ್ಟಿಲು ಮೇಲೆ ಅಂತ ಹೇಳಿದ್ರಲ್ಲ? ಎರಡು ಚುಕ್ಕೆ ಕೊಟ್ಟು ಹೋದ್ರೆ ನನ್ನ ಮನೆಗೆ ಹೋಗ್ತದೆ. ಹೋಗದೆ ಇಲ್ಲಿಂದಲೇ ಇಣುಕಿದ್ರೆ ಬೇರೆ ಯಾರದ್ದೋ ಮನೆ ಕಾಣ್ತದೆ. ಹೋಗುವ ಮನೆ ಒಂದು, ಕಾಣುವ ಮನೆ ಇನ್ನೊಂದು. ಅದು ಹೇಗೆ ಸರ್?"

ಇಷ್ಟು ಚೆನ್ನಾಗಿ ಈ ಪ್ರಶ್ನೆಯನ್ನು ಇಂಗ್ಲಿಷ್ ಪುಸ್ತಕಗಳಲ್ಲೂ ನಾನು ಓದಿಲ್ಲ.

ಉತ್ತರಕ್ಕೆ ಮೊದಲು ಸಿಂಬಾಲಿಕ್ ಲಿಂಕ್ ಎಂದರೆ ಏನೆಂದು ತಿಳಿಯಬೇಕು. ನಮ್ಮ ಶಾಲೆಯ ಲೈಬ್ರರಿ ಕಪಾಟಿನಲ್ಲಿ ಅಟ್ಲಾಸ್ ಇಡುವ ಜಾಗದಲ್ಲಿ ಅಟ್ಲಾಸ್ ಇಲ್ಲ, ಒಂದು ಚೀಟಿ ಇದೆ: "ಅಟ್ಲಾಸ್ ಹೆಡ್‌ಮಾಷ್ಟ್ರ ಕೋಣೆಯಲ್ಲಿದೆ". ಸಿಂಬಾಲಿಕ್ ಲಿಂಕ್ ಎಂದರೆ ಅಂಥ ಚೀಟಿ. ಅದರೊಳಗೆ ಪಾಠವೂ ಇಲ್ಲ, ಚಿತ್ರವೂ ಇಲ್ಲ, ಬರೀ ಒಂದು ವಿಳಾಸ. ಇದನ್ನು ಕಣ್ಣಾರೆ ನೋಡಬಹುದು. 'ಪಾಠ' ಫೋಲ್ಡರು ಇರುವಲ್ಲೇ ಅದಕ್ಕೆ ಇನ್ನೊಂದು ಹೆಸರಿನ ಲಿಂಕ್ ಮಾಡಿ, ಎಲ್‌ಎಸ್ ಮೈನಸ್ ಎಲ್ ಕೊಟ್ಟು ಅದರ ಗಾತ್ರ ನೋಡಿ. 9 ಬೈಟ್ ಎಂದು ಬರುತ್ತದೆ. 'ಪಾಠ' ಎಂಬುದರಲ್ಲಿ ಪ, ಆ-ಕಾರದ ಗುರುತು, ಠ ಎಂದು ಮೂರು ಸಂಕೇತ. ಯೂನಿಕೋಡನ್ನು ಡಿಸ್ಕಿನಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೂರು ಮೂರಲ ಒಂಬತ್ತು. ಒಳಗೆ ನೂರು ಪಾಠ ಇದ್ದರೂ ಚೀಟಿಯ ತೂಕ ಅಷ್ಟೇ!

ಚೀಟಿ ಎಂದಮೇಲೆ ಚೀಟಿಯ ಎಲ್ಲ ಗುಣವೂ ಅದಕ್ಕಿದೆ. ಅಟ್ಲಾಸನ್ನು ಬೇರೆ ಕಡೆಗೆ ಸಾಗಿಸಿದರೂ ಚೀಟಿ ಅಲ್ಲೇ ಇದ್ದು ಹಳೆಯ ವಿಳಾಸವನ್ನೇ ಹೇಳುತ್ತಿರುತ್ತದೆ. ಚೀಟಿ ಹರಿದರೆ ಅಟ್ಲಾಸಿಗೆ ಏನೂ ಆಗುವುದಿಲ್ಲ. ಒಂದು ಚೀಟಿ ಇನ್ನೊಂದು ಚೀಟಿಯನ್ನು ತೋರಿಸಬಹುದು, ಅದು ಮತ್ತೆ ಮೊದಲನೆಯದನ್ನೇ ತೋರಿಸಲೂಬಹುದು. ಹಾಗಾದಾಗ ಸುತ್ತುತ್ತಲೇ ಇರಬಾರದೆಂದು ಲಿನಕ್ಸ್ ಒಂದು ಲೆಕ್ಕ ಇಟ್ಟಿದೆ: ಒಂದು ದಾರಿಯಲ್ಲಿ 40 ಚೀಟಿಯವರೆಗೆ ನೋಡುತ್ತದೆ, ಆಮೇಲೆ "ಲಿಂಕುಗಳು ಹೆಚ್ಚಾದವು" ಎಂದು ಕೈಚೆಲ್ಲುತ್ತದೆ. ಒಂದು ಕಾಗದಕ್ಕಾಗಿ ಮೇಜಿನಿಂದ ಮೇಜಿಗೆ ಅಲೆದವರಿಗೆ ಈ 40ರ ಮಿತಿ ಎಷ್ಟು ದೊಡ್ಡ ಉಪಕಾರ ಎಂದು ಅರ್ಥವಾದೀತು.

ಈಗ ಲೈಬ್ರರಿಯ ಚೀಟಿ ನೋಡಿ ನೀವು ಹೆಡ್‌ಮಾಷ್ಟ್ರ ಕೋಣೆಯೊಳಗೆ ಹೋದಿರಿ ಎನ್ನಿ. ಅಲ್ಲಿಂದ "ಒಂದು ಹೆಜ್ಜೆ ಹೊರಗೆ" ಬಂದರೆ ಎಲ್ಲಿರುತ್ತೀರಿ? ಕಟ್ಟಡವನ್ನು ಕೇಳಿದರೆ, ಹೆಡ್‌ಮಾಷ್ಟ್ರ ಕೋಣೆಯ ಹೊರಗಿನ ಜಗಲಿಯಲ್ಲಿ. ನೀವು ಬಂದ ದಾರಿಯನ್ನು ಕೇಳಿದರೆ, ವಾಪಸು ಲೈಬ್ರರಿಯಲ್ಲಿ. ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ. ಎಲ್‌ಎಸ್ ಕೇಳಿದ್ದು ಕಟ್ಟಡವನ್ನು. ಸಿಡಿ ಕೇಳಿದ್ದು ದಾರಿಯನ್ನು.

ಯಾಕೆ ಹೀಗೆ ಇಬ್ಬರು ಇಬ್ಬರನ್ನು ಕೇಳುತ್ತಾರೆ? ಇಲ್ಲಿ ಸ್ವಲ್ಪ ಒಳಗೆ ಇಳಿಯಬೇಕು.

ಕಂಪ್ಯೂಟರಿನಲ್ಲಿ ಓಡುವ ಪ್ರತಿ ಪ್ರೋಗ್ರಾಮಿಗೂ "ನಾನೀಗ ಇರುವ ಫೋಲ್ಡರು" ಎಂಬುದೊಂದು ಉಂಟು. ಇದಕ್ಕೆ ವರ್ಕಿಂಗ್ ಡೈರೆಕ್ಟರಿ ಎನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳುವುದು ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ಅದು ಜಾಗವನ್ನೇ ಹಿಡಿದುಕೊಂಡಿರುತ್ತದೆ, ನೀವು ಟೈಪು ಮಾಡಿದ ಹೆಸರನ್ನಲ್ಲ. ನೀವು ಯಾವ ಚೀಟಿ ನೋಡಿ ಅಲ್ಲಿಗೆ ಬಂದಿರಿ ಎಂಬುದು ಕರ್ನೆಲ್ಲಿಗೆ ಬೇಕಾಗಿಲ್ಲ. ಬಂದಾದ ಮೇಲೆ ಆ ದಾರಿ ಅದಕ್ಕೆ ಮುಗಿದ ಕತೆ.

ಸಿಡಿ ಎಂಬುದು ಶೆಲ್ಲಿನ ಒಳಗೇ ಇರುವ ಆಜ್ಞೆ. ಅದು ಹಾಗೆಯೇ ಇರಬೇಕು. ಹೊರಗಿನ ಪ್ರೋಗ್ರಾಮ್ ಆಗಿದ್ದರೆ ಜಾಗ ಬದಲಾಗುವುದು ಆ ಪ್ರೋಗ್ರಾಮಿಗೆ ಮಾತ್ರ. ನನ್ನ ಬದಲಿಗೆ ಪೇಟೆಗೆ ಒಬ್ಬ ಹುಡುಗನನ್ನು ಕಳಿಸಿದರೆ ಪೇಟೆಗೆ ತಲುಪುವುದು ಆ ಹುಡುಗ, ನಾನು ಇಲ್ಲೇ ಇರುತ್ತೇನಲ್ಲ, ಹಾಗೆ. ಎಲ್‌ಎಸ್ ಮಾತ್ರ ಹೊರಗಿನ ಪ್ರೋಗ್ರಾಮ್. ಶೆಲ್ ಅದನ್ನು ಹುಟ್ಟಿಸಿ ಕೆಲಸಕ್ಕೆ ಕಳಿಸುತ್ತದೆ. ಹುಟ್ಟುವಾಗ ಶೆಲ್ ಇದ್ದ ಜಾಗವೇ ಅದಕ್ಕೂ ಬರುತ್ತದೆ. ಎರಡು ಚುಕ್ಕೆ ಕೊಟ್ಟರೆ ಅದು ಅದನ್ನು ಹಾಗೆಯೇ ಕರ್ನೆಲ್ಲಿಗೆ ದಾಟಿಸುತ್ತದೆ, ಕರ್ನೆಲ್ ಆ ಜಾಗದ ನಿಜವಾದ ಮೇಲಿನ ಫೋಲ್ಡರನ್ನು ತೋರಿಸುತ್ತದೆ.

ಶೆಲ್ ಇದಕ್ಕಿಂತ ಹೆಚ್ಚಿನದೊಂದು ಕೆಲಸ ಮಾಡುತ್ತದೆ. ಅದರ ಹತ್ತಿರ ಒಂದು ನೋಟುಬುಕ್ಕು ಇದೆ ಎನ್ನಿ. ನೀವು ಯಾವ ಹೆಸರುಗಳನ್ನು ಹೇಳಿಕೊಂಡು ಬಂದಿರೋ ಆ ದಾರಿಯನ್ನು ಅದು ಹಾಗೆಯೇ ಬರೆದಿಡುತ್ತದೆ: ಹೋಮ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಪಾಠ. ಸಿಡಿ ಮತ್ತು ಎರಡು ಚುಕ್ಕೆ ಕೊಟ್ಟಾಗ ಕೊನೆಯ ಹೆಸರನ್ನು ಹೊಡೆದುಹಾಕಿ, ಉಳಿದ ದಾರಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಿಮ್ಮನ್ನು ಕೊಂಡುಹೋಗುತ್ತದೆ. ಈ ನೋಟುಬುಕ್ಕಿನ ಒಂದು ಪ್ರತಿ ಎಲ್‌ಎಸ್‌ನ ಕಿಸೆಯಲ್ಲೂ ಇರುತ್ತದೆ. ಆದರೆ ಅದು ತೆಗೆದು ನೋಡುವುದಿಲ್ಲ.

ಇದಕ್ಕೊಂದು ಇತಿಹಾಸ ಇದೆ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಕಟ್ಟಿದಾಗ ಫೋಲ್ಡರುಗಳೆಲ್ಲ ಒಂದು ಮರದ ಹಾಗೆ ಇದ್ದವು. ಒಂದು ಫೋಲ್ಡರಿಗೆ ಮೇಲಿನದು ಒಂದೇ. ಹತ್ತುವ ದಾರಿ ಒಂದೇ ಆದ್ದರಿಂದ ಎರಡು ಚುಕ್ಕೆಯ ಬಗ್ಗೆ ಯಾರಿಗೂ ಸಂಶಯ ಬರುವಂತಿರಲಿಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್‌ನಲ್ಲಿ ಸಿಂಬಾಲಿಕ್ ಲಿಂಕ್ ಸೇರಿತು. ತುಂಬ ಉಪಯೋಗದ ವಸ್ತು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ಚೀಟಿ ಅಂಟಿಸಬಹುದಾಯಿತು. ಆದರೆ ಅಂದಿನಿಂದ ಒಂದೇ ಜಾಗಕ್ಕೆ ಹೋಗುವ ದಾರಿ ಹಲವು, ಹಿಂದೆ ಬರುವ ಎರಡು ಚುಕ್ಕೆ ಒಂದೇ ಎಂಬ ಪರಿಸ್ಥಿತಿ ಬಂತು. ಒಂದು ಬಾಗಿಲಿನಿಂದ ಒಳಹೊಕ್ಕವರು ಇನ್ನೊಂದು ಬಾಗಿಲಿನಿಂದ ಹೊರಬಿದ್ದು ಕಣ್ಣುಕಣ್ಣು ಬಿಡತೊಡಗಿದರು.

ಡೇವಿಡ್ ಕಾರ್ನ್ ಬರೆದ ಕಾರ್ನ್ ಶೆಲ್ ಈ ನೋಟುಬುಕ್ಕಿನ ಉಪಾಯ ಹಿಡಿಯಿತು: ಬಳಸುವವರು ಬಂದ ದಾರಿಯಲ್ಲೇ ವಾಪಸು ಹೋಗಲಿ. ಮುಂದೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಲ್ಲ ಸಮಾನ ನಿಯಮ ಹೇಳುವ ಪಾಸಿಕ್ಸ್ ಇದನ್ನೇ ಒಪ್ಪಿತು. ಹಾಗಾಗಿ ಇಂದು ನಮ್ಮ ಲ್ಯಾಬಿನ ಬ್ಯಾಶ್ ಶೆಲ್ ಕೂಡ ಬೇರೆ ಏನೂ ಹೇಳದಿದ್ದರೆ ದಾರಿಯನ್ನೇ ನಂಬುತ್ತದೆ. ಕಟ್ಟಡವನ್ನು ನಂಬಬೇಕಾದರೆ ಸಿಡಿ ಜೊತೆಗೆ ಮೈನಸ್ ಮತ್ತು ದೊಡ್ಡಕ್ಷರದ ಪಿ ಸೇರಿಸಬೇಕು. ಪಿಡಬ್ಲ್ಯುಡಿಗೂ ಹಾಗೆಯೇ. ಬರೀ ಪಿಡಬ್ಲ್ಯುಡಿ ಕೊಟ್ಟರೆ ನೋಟುಬುಕ್ಕಿನ ದಾರಿ, ಮೈನಸ್ ದೊಡ್ಡ ಪಿ ಕೊಟ್ಟರೆ ಚೀಟಿಗಳನ್ನೆಲ್ಲ ಬಿಡಿಸಿದ ನಿಜವಾದ ಜಾಗ.

ಇದೇ ಸರಿಯಾದ ಪರಿಹಾರ ಎಂದು ಎಲ್ಲರೂ ಒಪ್ಪಿಲ್ಲ. ಬೆಲ್ ಲ್ಯಾಬ್ಸ್‌ನವರೇ ಆದ ರಾಬ್ ಪೈಕ್ 2000ದಲ್ಲಿ ಎರಡು ಚುಕ್ಕೆಯ ಈ ಗೊಂದಲದ ಬಗ್ಗೆಯೇ ಒಂದು ಪ್ರಬಂಧ ಬರೆದರು. ಶೆಲ್ಲೊಂದೇ ದಾರಿ ನೆನಪಿಟ್ಟುಕೊಂಡು ಬಾಕಿ ಪ್ರೋಗ್ರಾಮುಗಳು ಮರೆತರೆ ಪ್ರಯೋಜನವಿಲ್ಲ, ಕರ್ನೆಲ್ಲೇ ಹೆಸರನ್ನು ನೆನಪಿಟ್ಟುಕೊಂಡರೆ ಎಲ್ಲರಿಂದಲೂ ಒಂದೇ ಉತ್ತರ ಬರುತ್ತದೆ ಎಂಬುದು ಅವರ ವಾದದ ಸಾರ. ಯುನಿಕ್ಸ್‌ನ ನಂತರ ಅಲ್ಲಿ ಕಟ್ಟಿದ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಹಾಗೆಯೇ ಮಾಡಿಯೂ ತೋರಿಸಿದರು. ನಮ್ಮ ಲಿನಕ್ಸ್‌ನಲ್ಲಿ ಅದು ಬರಲಿಲ್ಲ. ಇಲ್ಲಿ ಇಂದಿಗೂ ಎರಡು ಉತ್ತರ.

ಇದೆಲ್ಲ ಕುತೂಹಲದ ವಿಷಯ, ಇದರಿಂದ ಏನು ಹಾಳಾದೀತು ಎನ್ನುತ್ತೀರಾ? ಇನ್ನು ಆ ಪಕ್ಕದ ಊರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮನೆಯಲ್ಲೂ ಕನ್ನಡವನ್ನೇ ಮಾತಾಡುವ ಮಕ್ಕಳಷ್ಟೇ ಇರುವುದಲ್ಲ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಎಲ್ಲವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಹಲಸಿನಕಾಯಿ ಎಂದು ಬೋರ್ಡಿನಲ್ಲಿ ಬರೆದರೆ ಒಬ್ಬ ಪೆಲಕಾಯಿ ಎನ್ನುತ್ತಾನೆ, ಒಬ್ಬಳು ಚಕ್ಕ ಎನ್ನುತ್ತಾಳೆ, ಇನ್ನೊಬ್ಬ ಫಣಸ ಎನ್ನುತ್ತಾನೆ. ಆ ಶಾಲೆಯ ಕನ್ನಡ ಮಾಷ್ಟ್ರು ಇದನ್ನೇ ಪಾಠ ಮಾಡಿಕೊಂಡರು. ಪ್ರತಿ ಮಗುವೂ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ಮನೆಯ ಮಾತಿನ ಪದಗಳನ್ನು ತರಬೇಕು. ಗದ್ದೆಯ ಪದ, ಅಡುಗೆಯ ಪದ, ಮಳೆಯ ಪದ. ಪಕ್ಕದಲ್ಲಿ ಕನ್ನಡ ಅರ್ಥ, ಹೇಳಿದವರ ಹೆಸರು, ಸಾಧ್ಯವಾದರೆ ಆ ಪದ ಬರುವ ಒಂದು ಸಣ್ಣ ಕತೆ. ಮೂರು ವರ್ಷ ಮಕ್ಕಳೇ ಕೂತು ಟೈಪು ಮಾಡಿದರು.

ಹಿಂದಿನ ವರ್ಷಗಳದ್ದನ್ನೆಲ್ಲ ಡಿಸ್ಕಿನ ದೊಡ್ಡ ಭಾಗದಲ್ಲಿ 'ಹಳೆಯದು' ಎಂಬ ಫೋಲ್ಡರಿನಲ್ಲಿ ಇಟ್ಟಿದ್ದರು. ಅದರ ಪಕ್ಕದಲ್ಲೇ ಆ ವರ್ಷದ ಪದಗಳ ಫೋಲ್ಡರು. ತಮ್ಮ ಹೋಮ್ ಫೋಲ್ಡರಿನಿಂದ ಅದಕ್ಕೊಂದು ಲಿಂಕ್. ಹೋಮ್ ಫೋಲ್ಡರಿನಲ್ಲೂ 'ಹಳೆಯದು' ಎಂಬ ಹೆಸರಿನದೇ ಇನ್ನೊಂದು ಇತ್ತು. ಅದರಲ್ಲಿದ್ದದ್ದು ಬೇಡದ ಸುತ್ತೋಲೆಗಳು.

ಒಂದು ಸಂಜೆ ಜಾಗ ಖಾಲಿ ಮಾಡಲು ಕೂತರು. ಲಿಂಕಿನ ಮೂಲಕ ಒಳಗೆ ಹೋಗಿದ್ದರು. ಅಳಿಸುವ ಮೊದಲು ನೋಡಿಕೊಳ್ಳೋಣ ಎಂದು ಸಿಡಿ, ಎರಡು ಚುಕ್ಕೆ ಕೊಟ್ಟು ಮೇಲೆ ಬಂದರು. 'ಹಳೆಯದು' ಇತ್ತು, ಒಳಗೆ ಸುತ್ತೋಲೆಗಳೇ ಇದ್ದವು. ಸರಿ. ಮತ್ತೆ ಒಳಗೆ ಹೋಗಿ ಬೇರೆ ಏನೋ ಕೆಲಸ ಮುಗಿಸಿ, ಕೂತಲ್ಲಿಂದಲೇ ಅಳಿಸುವ ಆಜ್ಞೆ ಬರೆದರು: ಆರ್‌ಎಂ ಮೈನಸ್ ಆರ್, ಎರಡು ಚುಕ್ಕೆ, ಓರೆಗೆರೆ, ಹಳೆಯದು. ಆರ್‌ಎಂ ಎಂಬುದು ಎಲ್‌ಎಸ್‌ನ ಹಾಗೆ ಹೊರಗಿನ ಪ್ರೋಗ್ರಾಮ್. ಅದು ಕೇಳಿದ್ದು ಕಟ್ಟಡವನ್ನು. ಕಟ್ಟಡದ ಮೇಲಿನ ಮೆಟ್ಟಿಲಿನಲ್ಲಿ ಇದ್ದ 'ಹಳೆಯದು' ಮಕ್ಕಳ ಪದಗಳದ್ದು. ಟರ್ಮಿನಲ್ಲಿನಲ್ಲಿ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ. ಕ್ಷಣದಲ್ಲಿ ಮುಗಿಯಿತು. ಸುತ್ತೋಲೆಗಳು ಮಾತ್ರ ಕ್ಷೇಮವಾಗಿ ಉಳಿದವು.

ರಾತ್ರಿ ನನಗೆ ಫೋನು ಮಾಡಿದರು. "ಮಾಷ್ಟ್ರೇ, ನಾನು ನೋಡಿಯೇ ಅಳಿಸಿದ್ದು. ಶೆಲ್ ನನಗೆ ಸುಳ್ಳು ಹೇಳಿತಾ?" ಎಂದು ಕೇಳಿದರು. ಅವರ ದನಿ ಈಗಲೂ ಕಿವಿಯಲ್ಲಿದೆ. ಸುಳ್ಳು ಯಾರೂ ಹೇಳಿರಲಿಲ್ಲ. ಅವರು ನೋಡಿದ್ದು ಒಬ್ಬರನ್ನು ಕೇಳಿ, ಅಳಿಸಿದ್ದು ಇನ್ನೊಬ್ಬರ ಕೈಯಲ್ಲಿ. ಇಬ್ಬರೂ ತಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿದ್ದರು.

ಒಂದು ಪೆನ್‌ಡ್ರೈವಿನಲ್ಲಿ ಮೊದಲ ವರ್ಷದ್ದು ಸಿಕ್ಕಿತು. ಎರಡನೇ ವರ್ಷದ್ದನ್ನು ಮಕ್ಕಳ ನೋಟುಬುಕ್ಕುಗಳಿಂದ ಮತ್ತೆ ಟೈಪು ಮಾಡಿದರು, ಸಿಕ್ಕಿದಷ್ಟು. ಸಿಗದವುಗಳಲ್ಲಿ ಒಬ್ಬ ಹುಡುಗ ತನ್ನ ಅಜ್ಜಿಯಿಂದ ಕೇಳಿ ಬರೆದ ಹತ್ತು ಪುಟ ಸೇರಿತ್ತು. ಅಜ್ಜಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹುಡುಗನ ನೋಟುಬುಕ್ಕು ಹಳೆಪೇಪರಿನವರ ಕೈಗೆ ಹೋಗಿ ಆಗಿತ್ತು. ಅವನು ನೆನಪಿನಿಂದ ಎರಡು ಪುಟ ಬರೆದುಕೊಟ್ಟ ಎಂದು ಆ ಮಾಷ್ಟ್ರು ಹೇಳಿದರು.

ಈ ಘಟನೆಯ ನಂತರ ನಾನು ಲ್ಯಾಬಿನಲ್ಲಿ ಮಕ್ಕಳಿಂದ ಒಂದು ಪ್ರಯೋಗ ಮಾಡಿಸುತ್ತೇನೆ. ಎರಡು ಟರ್ಮಿನಲ್ ತೆರೆಯಿರಿ. ಮೊದಲನೆಯದರಲ್ಲಿ 'ಮಾವು' ಎಂಬ ಫೋಲ್ಡರು ಮಾಡಿ ಅದರೊಳಗೆ ಹೋಗಿ ಕೂರಿ. ಎರಡನೆಯದರಿಂದ ಆ ಫೋಲ್ಡರಿನ ಹೆಸರನ್ನು 'ಹಲಸು' ಎಂದು ಬದಲಿಸಿ. ಈಗ ಮೊದಲನೆಯದಕ್ಕೆ ಬಂದು ಪಿಡಬ್ಲ್ಯುಡಿ ಕೊಟ್ಟರೆ ಶೆಲ್ ಇನ್ನೂ 'ಮಾವು' ಎನ್ನುತ್ತದೆ. ಅಲ್ಲೇ ಒಂದು ಹೊಸ ಫೈಲು ಮಾಡಿ, ಯಾವ ತೊಂದರೆಯೂ ಇಲ್ಲ, ಆದರೆ ಅದು ಹೋಗಿ ಕೂರುವುದು 'ಹಲಸು' ಒಳಗೆ. ಬಿನ್ ಫೋಲ್ಡರಿನಲ್ಲಿ ಇನ್ನೊಂದು ಪಿಡಬ್ಲ್ಯುಡಿ ಇದೆ, ಶೆಲ್ಲಿನ ಹೊರಗಿನದು. ಪೂರ್ತಿ ವಿಳಾಸ ಕೊಟ್ಟು ಅದನ್ನು ಓಡಿಸಿದರೆ 'ಹಲಸು' ಎಂದೇ ಹೇಳುತ್ತದೆ. ಬೋರ್ಡು ಬದಲಾದರೂ ಕೋಣೆಯೊಳಗೆ ಕೂತವರು ಕದಲಲಿಲ್ಲ ಎಂಬುದು ಮಕ್ಕಳಿಗೆ ಇದರಿಂದ ತಕ್ಷಣ ಅರ್ಥವಾಗುತ್ತದೆ.

ಅರ್ಥವಾಗದೆ ಏನು? ಇಂಥದ್ದು ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಸತಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಊರು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿನಲ್ಲಿತ್ತು. ಅಂದಿನಿಂದ ಕೇರಳ. ಊರು ಇದ್ದಲ್ಲೇ ಇದೆ, ಬಾವಿ, ಗದ್ದೆ, ದೇವಸ್ಥಾನ, ಮಸೀದಿ ಯಾವುದೂ ಒಂದು ಗೇಣು ಸರಿಯಲಿಲ್ಲ. ಆದರೆ "ಒಂದು ಮೆಟ್ಟಿಲು ಮೇಲೆ" ಯಾವುದು ಎಂದು ಕೇಳಿದರೆ ರೇಷನ್ ಕಾರ್ಡು ಹೇಳುವುದು ಒಂದು, ಅಜ್ಜ ಹೇಳುವುದು ಒಂದು. ಕಾಗದಪತ್ರ ಹೋಗಬೇಕಾದದ್ದು ಐನೂರು ಕಿಲೋಮೀಟರಿಗೂ ದೂರದ ತಿರುವನಂತಪುರಕ್ಕೆ. ಅಜ್ಜನ ನೆನಪು ಹೋಗುವುದು ಐವತ್ತು ಕಿಲೋಮೀಟರಿನ ಮಂಗಳೂರಿಗೆ. ಆಸ್ಪತ್ರೆಗೂ, ಮದುವೆ ಜವಳಿಗೂ ಹಲವರು ಇಂದಿಗೂ ಅತ್ತಲೇ ಹೋಗುವುದು.

ಇದರಲ್ಲಿ ಯಾವುದು ಸರಿ ಎಂದು ಮಕ್ಕಳನ್ನು ಕೂರಿಸಿ ಜಗಳ ಮಾಡಿಸುವುದು ನನ್ನ ಕೆಲಸವಲ್ಲ. ಎರಡೂ ಸರಿ. ಆದರೆ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಎಂಬುದನ್ನು ಕಲಿಸುವುದು ನನ್ನ ಕೆಲಸ. ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವಾಗ ಅಜ್ಜನ ಉತ್ತರ ಬರೆದರೆ ಅರ್ಜಿ ವಾಪಸು ಬರುತ್ತದೆ. ನಿನ್ನ ಮನೆಯಲ್ಲಿ ಈ ಮಾತು, ಈ ಪದ ಯಾಕೆ ಉಂಟು ಎಂದು ತಿಳಿಯಬೇಕಾದರೆ ರೇಷನ್ ಕಾರ್ಡನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ.

ಶೆಲ್ಲಿನ ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟ. ಒಂದು ಶೆಲ್ಲಿನೊಳಗಿಂದ ಇನ್ನೊಂದು ಶೆಲ್ ಹುಟ್ಟಿದಾಗ ಹಿರಿಯ ಶೆಲ್ ತನ್ನ ನೋಟುಬುಕ್ಕಿನ ದಾರಿಯನ್ನು ಅದಕ್ಕೆ ದಾಟಿಸುತ್ತದೆ. ಕಿರಿಯ ಶೆಲ್ ಅದನ್ನು ಕಣ್ಣುಮುಚ್ಚಿ ನಂಬುವುದಿಲ್ಲ, ಹಳೆಯದೆಂದು ಎಸೆಯುವುದೂ ಇಲ್ಲ. ಆ ದಾರಿ ಹಿಡಿದು ಹೋದರೆ ನಿಜವಾಗಿ ತಾನು ಈಗ ಇರುವ ಜಾಗಕ್ಕೇ ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಡಿಸ್ಕಿನಲ್ಲಿ ಪ್ರತಿ ಫೋಲ್ಡರಿಗೂ ಒಂದು ನಂಬರು ಉಂಟು, ಐನೋಡ್ ಎನ್ನುತ್ತಾರೆ. ಡಿಸ್ಕೂ ಒಂದೇ, ನಂಬರೂ ಒಂದೇ ಎಂದಾದರೆ ಹಿರಿಯರು ಕೊಟ್ಟ ದಾರಿಯನ್ನೇ ತನ್ನ ನೋಟುಬುಕ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಹೊಂದದಿದ್ದರೆ ಕರ್ನೆಲ್ಲನ್ನು ಕೇಳಿ ಹೊಸದಾಗಿ ಬರೆದುಕೊಳ್ಳುತ್ತದೆ. ಬಂದ ದಾರಿಯ ಹೆಸರು ಅಲ್ಲಿಗೆ ಹೋಯಿತು. ಅದನ್ನು ಕರ್ನೆಲ್ ಮತ್ತೆ ಹುಡುಕಿಕೊಡಲಾರದು. ಯಾಕೆಂದರೆ ಅದು ಎಂದೂ ಕರ್ನೆಲ್ಲಿನ ಹತ್ತಿರ ಇರಲೇ ಇಲ್ಲ.

ಇದನ್ನು ಹೇಳಿದಾಗ ಮೊದಲ ಪ್ರಶ್ನೆ ಕೇಳಿದ ಹುಡುಗಿಯೇ ಹೇಳಿದ್ದು: "ಹಾಗಾದ್ರೆ ಸರ್, ದಾರಿ ಬರೆದಿಡುವ ಕೆಲಸ ನಮ್ಮದೇ."

ಹೌದು ಮಗಾ, ನಮ್ಮದೇ.

ಇನ್ನು ಲ್ಯಾಬಿನ ಹೊಣೆ ಹೊತ್ತ ಗೆಳೆಯರಿಗಾಗಿ ನಾಲ್ಕು ಮಾತು. ಒಂದು, ಲಿಂಕ್ ಮೂಲಕ ಒಳಗೆ ಹೋಗಿರುವಾಗ ಎರಡು ಚುಕ್ಕೆ ಬಳಸಿ ಏನನ್ನೂ ಅಳಿಸಬೇಡಿ, ಸಾಗಿಸಬೇಡಿ, ನಕಲೂ ಮಾಡಬೇಡಿ. ಪೂರ್ತಿ ವಿಳಾಸ ಬರೆಯಿರಿ, ಇಲ್ಲವೇ ಆ ಜಾಗಕ್ಕೇ ಹೋಗಿ ಕೆಲಸ ಮಾಡಿ. ಎರಡು, ಸಂಶಯ ಬಂದರೆ ಪಿಡಬ್ಲ್ಯುಡಿಯನ್ನು ಎರಡು ಸಲ ಕೇಳಿ, ಒಮ್ಮೆ ಬರಿದೆ, ಒಮ್ಮೆ ಮೈನಸ್ ದೊಡ್ಡ ಪಿ ಸೇರಿಸಿ. ಎರಡೂ ಒಂದೇ ಆದರೆ ನಿಶ್ಚಿಂತೆ. ಬೇರೆಯಾದರೆ ನೀವು ಚೀಟಿ ದಾಟಿ ಬಂದಿದ್ದೀರಿ ಎಂದರ್ಥ, ಕೈ ಹಿಂದೆ ತೆಗೆಯಿರಿ. ಮೂರು, ನೋಡುವುದಕ್ಕೂ ಅಳಿಸುವುದಕ್ಕೂ ಒಂದೇ ದಾರಿ ಬರೆಯಿರಿ. ಎಲ್‌ಎಸ್ ಕೊಟ್ಟು ಯಾವ ವಿಳಾಸ ನೋಡಿದಿರೋ ಅಲ್ಲಿಂದ ಕದಲದೆ, ಅದೇ ಸಾಲಿನ ಎಲ್‌ಎಸ್ ತೆಗೆದು ಆರ್‌ಎಂ ಹಾಕಿ. ಆ ಮಾಷ್ಟ್ರು ಸಿಡಿ ಮಾಡಿ ನೋಡುವ ಬದಲು ಕೂತಲ್ಲಿಂದಲೇ ಎಲ್‌ಎಸ್ ಮಾಡಿದ್ದರೆ ಮಕ್ಕಳ ಪದಗಳೇ ಕಣ್ಣಿಗೆ ಬೀಳುತ್ತಿದ್ದವು. ನಾಲ್ಕು, ಎರಡು ಜಾಗದಲ್ಲಿ 'ಹಳೆಯದು' ಎಂಬ ಒಂದೇ ಹೆಸರು ಬೇಡ. ಹೆಸರಿಡುವಾಗ ಅರ್ಧ ನಿಮಿಷ ಹೆಚ್ಚು ಯೋಚಿಸಿದರೆ ಏನೂ ನಷ್ಟವಿಲ್ಲ.

ಪಕ್ಕದ ಊರಿನ ಮಾಷ್ಟ್ರು ಕೆಲಸ ಬಿಟ್ಟಿಲ್ಲ. ಪದಗಳ ಫೋಲ್ಡರಿಗೆ ಈಗ ವರ್ಷದ ಹೆಸರಿದೆ, ಪ್ರತಿ ಶುಕ್ರವಾರ ಒಂದು ಪ್ರತಿ ಪ್ರತ್ಯೇಕ ಡಿಸ್ಕಿಗೆ ಹೋಗುತ್ತದೆ, ವರ್ಷದ ಕೊನೆಗೆ ಒಂದು ಪ್ರತಿ ಕಾಗದದಲ್ಲಿ ಅಚ್ಚಾಗಿ ಲೈಬ್ರರಿಯ ಕಪಾಟಿಗೆ. ಕಳೆದ ತಿಂಗಳು ಹೋಗಿದ್ದಾಗ ಎಂಟನೇ ತರಗತಿಯ ಮಕ್ಕಳು ಮಳೆಗೆ ತಮ್ಮ ತಮ್ಮ ಮನೆಗಳಲ್ಲಿ ಇರುವ ಹೆಸರುಗಳನ್ನು ಟೈಪು ಮಾಡುತ್ತಿದ್ದರು. ಪಟ್ಟಿ ಎರಡನೇ ಪುಟಕ್ಕೆ ಹೋಗಿತ್ತು.